ಮಾರ್ಚ್‌ನಲ್ಲಿ ಬಿರುಕು ಬಿಟ್ಟ ಮೇಜು

ಕೆಲಸ ಶುರುಮಾಡಿದ ಹೊಸತರಲ್ಲಿ ನಾನು ಮಾಡಿಕೊಟ್ಟ ಒಂದು ಊಟದ ಮೇಜು, ಮಾರ್ಚ್ ತಿಂಗಳ ಒಂದು ರಾತ್ರಿ ‘ಟಪ್’ ಅಂತ ಬಿರುಕು ಬಿಟ್ಟಿತು. ಗಿರಾಕಿ ಬೆಳಗಾಗುತ್ತಲೇ ಫೋನ್ ಮಾಡಿದರು. ‘ಮೇಲೆ ಏನೂ ಭಾರ ಇಟ್ಟಿರಲಿಲ್ಲ ಕಣ್ರೀ. ಎಲ್ಲರೂ ಮಲಗಿದ್ವಿ, ಪಟಾಕಿ ಹೊಡೆದ ಹಾಗಾಯ್ತು.’ ಹೋಗಿ ನೋಡಿದೆ. ಹಲಸಿನ ಹಲಗೆ, ಒಂದು ಗಂಟೂ ಇಲ್ಲದ ಒಳ್ಳೆ ಮರ. ತುದಿಯಿಂದ ಒಂದೂವರೆ ಅಡಿ ಒಳಕ್ಕೆ ಬಿರುಕು, ಐದು ರೂಪಾಯಿ ನಾಣ್ಯ ನಿಲ್ಲಿಸುವಷ್ಟು ಅಗಲ. ಬಗ್ಗಿ ಅಡಿಯಲ್ಲಿ ಟಾರ್ಚ್ ಬಿಟ್ಟೆ. ನಾನೇ ಬಿಗಿದಿದ್ದ ಹನ್ನೆರಡು ಸ್ಕ್ರೂ ಒಂದಿಷ್ಟೂ ಅಲುಗದೆ ಕೂತಿದ್ದವು. ಅದೇ ತಪ್ಪಾಗಿತ್ತು.

ಆ ಹಲಗೆಗಳನ್ನು ತಂದದ್ದು ಮಲೆನಾಡಿನ ಸಾಮಿಲ್ಲಿನಿಂದ, ಸೆಪ್ಟೆಂಬರ್‌ನಲ್ಲಿ. ‘ಚೆನ್ನಾಗಿ ಒಣಗಿದೆ’ ಅಂದಿದ್ದರು, ನಂಬಿದೆ. ಆದರೆ ಮಳೆಗಾಲದ ಮಲೆನಾಡಿನಲ್ಲಿ ಒಣಗಿದ ಮರ ಅಂದರೂ ಬೆಂಗಳೂರಿನ ಮಾರ್ಚ್‌ಗೆ ಅದು ಹಸಿಯೇ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಕಡಿದು ನೂರು ವರ್ಷವಾದರೂ ಈ ಗುಣ ಹೋಗುವುದಿಲ್ಲ.

ಹಸಿ ದಿಮ್ಮಿ ಒಣಗುವಾಗ ಮೊದಲು ಹೋಗುವುದು ಕೋಶಗಳ ಪೊಳ್ಳಿನಲ್ಲಿ ತುಂಬಿರುವ ನೀರು. ಆಗ ಮರ ಹಗುರಾಗುತ್ತದೆ ಅಷ್ಟೇ, ಕುಗ್ಗುವುದಿಲ್ಲ. ತೇವ ಶೇ. 30ರ ಆಸುಪಾಸಿಗೆ ಇಳಿದ ಮೇಲೆ ಕೋಶದ ಗೋಡೆಯಲ್ಲಿರುವ ನೀರು ಹೊರಡುತ್ತದೆ. ಕುಗ್ಗುವ ಕೆಲಸ ಅಲ್ಲಿಂದ ಶುರು. ಅದೂ ಎಲ್ಲ ಕಡೆಗೂ ಒಂದೇ ಸಮ ಅಲ್ಲ. ಉದ್ದದಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಗಲದಲ್ಲಿ ಜಾಸ್ತಿ. ದಿಮ್ಮಿಯ ತುದಿಯಲ್ಲಿ ಸುತ್ತುಗೆರೆ ಕಾಣುತ್ತದಲ್ಲ, ಆ ಗೆರೆಯ ಗುಂಟ ಆಗುವ ಕುಗ್ಗು, ಗೆರೆಗೆ ಅಡ್ಡಲಾಗಿ ಆಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ತೇಗ ಈ ವಿಷಯದಲ್ಲಿ ಬಹಳ ಸಾಧು ಮರ. ಆದರೂ ಲೆಕ್ಕ ಹಾಕಿ ನೋಡಿ. ತೇವ ಶೇ. 1ರಷ್ಟು ಇಳಿದರೆ, ಸುತ್ತುಗೆರೆಯ ಗುಂಟ ತೇಗ ಸುಮಾರು ಶೇ. 0.19 ಕುಗ್ಗುತ್ತದೆ. ಮೂರು ಅಡಿ, ಅಂದರೆ 900 ಮಿ.ಮೀ. ಅಗಲದ ಮೇಜು, ತೇವ 15ರಿಂದ 11ಕ್ಕೆ ಇಳಿಯಿತು ಅನ್ನಿ. ಮೇಜು 6ರಿಂದ 7 ಮಿ.ಮೀ. ಕಿರಿದಾಗಲೇಬೇಕು. ಮೇಜಿನ ಅಗಲಕ್ಕೆ ಹಾಕಿದ ಅಡಿಚೌಕಟ್ಟಿನ ಪಟ್ಟಿಗಳಲ್ಲಿ ಮರದ ಎಳೆ ಪಟ್ಟಿಯ ಉದ್ದಕ್ಕೆ ಓಡುವುದರಿಂದ ಅವು ಕುಗ್ಗುವುದಿಲ್ಲ. ಮೇಲಿನ ಹಲಗೆ ಒಳಕ್ಕೆ ಬಾ ಅನ್ನುತ್ತದೆ, ಸ್ಕ್ರೂ ಬಿಡುವುದಿಲ್ಲ. ಎಳೆಗೆ ಅಡ್ಡಲಾಗಿ ಎಳೆದರೆ ತಡೆಯುವ ಶಕ್ತಿ ಮರಕ್ಕೆ ಕಡಿಮೆ. ಎಲ್ಲೋ ಒಂದು ಕಡೆ ಬಿಟ್ಟುಕೊಡುತ್ತದೆ.

ಪರಿಹಾರ ದೊಡ್ಡದೇನಲ್ಲ. ಅಡಿಪಟ್ಟಿಯ ನಡುವಿನ ಸ್ಕ್ರೂಗೆ ಗುಂಡು ತೂತು ಇರಲಿ, ಮೇಜಿನ ಮಧ್ಯಭಾಗ ಅಲ್ಲಾಡದಂತೆ. ಆಚೆ ಈಚೆಯ ಸ್ಕ್ರೂಗಳಿಗೆ ಉದ್ದನೆ ತೂತು ಬೇಕು. 5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಪಕ್ಕಪಕ್ಕ ಎರಡು ತೂತು ಕೊರೆದು, ನಡುವೆ ಉಳಿದದ್ದನ್ನು ಸಣ್ಣ ಗುಂಡು ಅರದಲ್ಲಿ ತೀಡಿ. 10–12 ಮಿ.ಮೀ. ಉದ್ದದ ತೂತು ಆಗುತ್ತದೆ. ಆ ಉದ್ದ ಮೇಲಿನ ಹಲಗೆಯ ಎಳೆಗೆ ಅಡ್ಡಲಾಗಿ ಬರಬೇಕು. ಇದನ್ನು ತಿರುಗಿಸಿ ಮಾಡಿದವರನ್ನೂ ನೋಡಿದ್ದೇನೆ. ಸ್ಕ್ರೂ ಆ ಉದ್ದನೆ ತೂತಿನ ನಡುಮಧ್ಯ ನಿಲ್ಲಲಿ. ವಾಷರ್ ಹಾಕಿ, ಬಿಗಿ ಮಾಡಿ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ಎಳೆಗೆ ಅಡ್ಡಲಾಗಿ ಹಾಕುವ ಪಟ್ಟಿಗೆ ಉದ್ದಕ್ಕೂ ಫೆವಿಕಾಲ್ ಹಚ್ಚಲೇಬೇಡಿ. ಪ್ಲೈವುಡ್ ಮೇಜಾದರೆ ಈ ರಗಳೆಯೇ ಇಲ್ಲ, ಅದರ ಪದರಗಳು ಒಂದಕ್ಕೊಂದು ಅಡ್ಡಡ್ಡ ಅಂಟಿಕೊಂಡಿರುತ್ತವೆ.

ಹಲಗೆ ಒಣಗಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಹಲಗೆಯ ತುದಿ ಬೇಡ, ಅದು ಬೇಗ ಒಣಗಿ ಸುಳ್ಳು ಹೇಳುತ್ತದೆ. ಒಂದು ಅಡಿ ಒಳಗಿನಿಂದ ಸಣ್ಣ ತುಂಡು ಕೊಯ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಓವನ್ನಿನಲ್ಲಿ 100–105 ಡಿಗ್ರಿಯಲ್ಲಿ ಇಟ್ಟು, ಹತ್ತಿರವೇ ಇದ್ದು, ಗಂಟೆಗೊಮ್ಮೆ ತೂಗುತ್ತಿರಿ. ತೂಕ ಇಳಿಯುವುದು ನಿಂತಾಗ ಮುಗಿಯಿತು. 120 ಗ್ರಾಂ ಇದ್ದದ್ದು 104ಕ್ಕೆ ನಿಂತರೆ, ಹೋದ ನೀರು 16 ಗ್ರಾಂ. 16ನ್ನು 104ರಿಂದ ಭಾಗಿಸಿ, ಶೇ. 15ರ ಮೇಲೆ ತೇವ. ಅಂಥ ಹಲಗೆಯನ್ನು ನಡುವೆ ರಿಪೀಸು, ಅಂದರೆ ಸಣ್ಣ ಮರದ ಪಟ್ಟಿ, ಕೊಟ್ಟು ಪೇರಿಸಿ, ಮೇಜು ಯಾವ ಮನೆಯಲ್ಲಿ ಇರುತ್ತದೋ ಆ ಮನೆಯಲ್ಲೇ ಕೆಲವು ವಾರ ಬಿಡಿ. ಮನೆಯವರು ಬೈಯುತ್ತಾರೆ, ಬೈಸಿಕೊಳ್ಳಿ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಎತ್ತಿನಗಾಡಿಯ ಚಕ್ರ ಒಣಗಿ ಕಬ್ಬಿಣದ ಹಳಿ ಸಡಿಲವಾದರೆ ಗಾಡಿಯನ್ನು ಹಳ್ಳದ ನೀರಿಗೆ ಇಳಿಸಿ ನಿಲ್ಲಿಸುತ್ತಿದ್ದರು. ಗುದ್ದಲಿಯ ಕಾವು ಅಲ್ಲಾಡಿದರೆ ಇವತ್ತಿಗೂ ರಾತ್ರಿ ನೀರಲ್ಲಿ ನೆನೆಹಾಕುವವರು ಇದ್ದಾರೆ. ಆ ಹೊತ್ತಿಗೆ ಕೆಲಸ ನಡೆಯುತ್ತದೆ. ಆದರೆ ಉಬ್ಬಿದ ಮರಕ್ಕೆ ಗುದ್ದಲಿಯ ಕಣ್ಣಿನೊಳಗೆ ಜಾಗ ಸಾಲದೆ ಎಳೆಗಳು ಜಜ್ಜಿಹೋಗುತ್ತವೆ. ಒಣಗಿದಾಗ ಕಾವು ಮೊದಲಿಗಿಂತ ಸಣ್ಣದಾಗಿರುತ್ತದೆ, ಮತ್ತೆ ನೆನೆಸು, ಮತ್ತೆ ಸಡಿಲ. ಒಂದು ಒಣ ಬೆಣೆ ಹೊಡೆಯುವುದೇ ಮೇಲು.

ಇದರ ಉಲ್ಟಾ ಕಥೆ ಬಾಗಿಲಿನದು. ಜುಲೈನಲ್ಲಿ ಬಾಗಿಲು ಹಿಡಿಯುತ್ತದೆ ಅಂತ ಫೋನ್ ಬರುತ್ತದೆ. ತೋಪಡ (ಮರ ಹೆರೆಯುವ ಉಳಿಪೆಟ್ಟಿಗೆ) ಹೊಡೆಸಿಬಿಡುತ್ತಾರೆ. ಫೆಬ್ರವರಿಗೆ ಅದೇ ಬಾಗಿಲಿನ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ. ನಾನು ಮಳೆಗಾಲದಲ್ಲಿ ತೀರಾ ಉಜ್ಜುವ ಕಡೆ ಮಾತ್ರ ಎರಡು ಸಿಪ್ಪೆ ತೆಗೆದು, ಬೇಸಿಗೆಗೆ ಕರೆಯಿರಿ ಅಂತ ಹೇಳಿ ಬರುತ್ತೇನೆ. ಹೊರಡುವ ಮುಂಚೆ ಸಣ್ಣ ಕನ್ನಡಿಯನ್ನು ಬಾಗಿಲ ಕೆಳಗೆ ತೂರಿಸಿ ನೋಡುತ್ತೇನೆ. ಮುಂದೆ, ಹಿಂದೆ ಮೂರು ಕೋಟ್ ಪಾಲಿಶ್ ಇರುತ್ತದೆ. ಕೆಳಗಿನ ಅಂಚು ಬೋಳು ಮರ, ಪೆನ್ಸಿಲ್ ಗೆರೆ ಸಮೇತ. ನೆಲ ಒರೆಸಿದ ನೀರು ದಿನಾ ಹೋಗುವುದು ಅಲ್ಲಿಗೇ.