ಪದ ಪರಿಚಯ: ಅನೊಸೊಗ್ನೋಸಿಯಾ

ಮಿದುಳಿಗೆ ಪೆಟ್ಟಾದವರ ಬಗ್ಗೆ ಮಾತು ಬಂದರೆ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಈಗ ಈ ಪದವೂ ಬರುತ್ತದೆ. ಅರ್ಥ ಮಾತ್ರ ಪ್ರತಿಸಲ ಅದೇ: ಕಾಯಿಲೆ ಒಪ್ಪಿಕೊಳ್ಳದ ಹಠ. ಮರಾಠಿಯ ‘ಮಾನ್ಯಚ್ ಕರತ್ ನಾಹಿ’ ನಮ್ಮ ಬಾಯಲ್ಲಿ ‘ಮಾನ್ಯವೇ ಮಾಡೊಲ್ಲ ಮಾರಾಯ್ರೆ’ ಆಗಿದೆ. ಒಪ್ಪದೆ ಇರುವುದಕ್ಕೂ ಮೊದಲು ಗೊತ್ತಾಗಬೇಕಲ್ಲ? ಗೊತ್ತಾಗದಿರುವುದಕ್ಕೇ ಈ ಹೆಸರು.

ಹೆಸರಿಟ್ಟವರು ನರರೋಗ ವೈದ್ಯ ಜೋಸೆಫ್ ಬೇಬಿನ್ಸ್ಕಿ, 1914ರಲ್ಲಿ, ಪ್ಯಾರಿಸ್ಸಿನಲ್ಲಿ. ಅಂಗಾಲು ಗೀರಿ ಹೆಬ್ಬೆರಳು ನೋಡುತ್ತಾರಲ್ಲ, ಆ ಪರೀಕ್ಷೆಯವರೇ. ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದರೂ ಅದರ ಅರಿವೇ ಇಲ್ಲದ ರೋಗಿಗಳನ್ನು ಅವರು ವಿವರಿಸಿದರು. ಗ್ರೀಕಿನಲ್ಲಿ ‘ನೊಸೊಸ್’ ಎಂದರೆ ರೋಗ, ‘ಗ್ನೋಸಿಸ್’ ಎಂದರೆ ಅರಿವು, ಮುಂದಿನ ‘ಅ’ ಇಲ್ಲವೆನ್ನಲು. ಗ್ನೋಸಿಸ್ ಮತ್ತು ಸಂಸ್ಕೃತದ ಜ್ಞಾನ ಒಂದೇ ಬೇರಿನವು, ಆ ‘ಅ’ ಕೂಡ ಅಜ್ಞಾನದ ‘ಅ’ಗೆ ನೆಂಟ. ನಡುವಿನ ನೊಸೊಸ್ ತೆಗೆದರೆ ಉಳಿಯುವುದು ಅಜ್ಞಾನವೇ! ಹಾಗೆಂದು ‘ರೋಗದ ಅಜ್ಞಾನ’ ಎಂದು ಅನುವಾದಿಸಬೇಡಿ. ಅಜ್ಞಾನ ತಿಳಿಹೇಳಿದರೆ ಹೋಗುತ್ತದೆಂಬ ನಂಬಿಕೆ ನಮ್ಮದು. ಆ ನಂಬಿಕೆಯಲ್ಲೇ ಮನೆಯವರು ಎಂಆರ್‌ಐ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸುತ್ತಾರೆ. ‘ಹೌದು, ಪೆಟ್ಟಾಗಿದೆ’ ಎಂದ ರೋಗಿಗಳೇ ಮರುಗಳಿಗೆ ಸ್ಕೂಟರ್ ಕೀ ಕೇಳುತ್ತಾರೆ. ತನ್ನ ತಪ್ಪನ್ನು ತಾನೇ ಹಿಡಿಯಬೇಕಾದ ವ್ಯವಸ್ಥೆಗೇ ಪೆಟ್ಟು ಬಿದ್ದಿರುತ್ತದೆ: ಪಾರ್ಶ್ವವಾಯುವಿನಲ್ಲಿ ಹೆಚ್ಚಾಗಿ ಮಿದುಳಿನ ಬಲಭಾಗಕ್ಕೆ, ಅಪಘಾತದಲ್ಲಿ ಹಲವು ಸಲ ಮುಂಭಾಗಕ್ಕೆ.

ಗೊತ್ತಿದ್ದೂ ಚಿಂತೆಯೇ ಇಲ್ಲದಿರುವುದಕ್ಕೆ ಬೇಬಿನ್ಸ್ಕಿ ‘ಅನೊಸೊಡಯಾಫೋರಿಯಾ’ ಎಂದರು. ಗೊತ್ತಿದ್ದೂ ಮನಸ್ಸು ದೂರ ತಳ್ಳುವುದು ನಿರಾಕರಣೆ, ಅದು ಬೇರೆಯೇ. ತಪ್ಪು ತೋರಿಸಿದಾಗ ಸಿಟ್ಟಾಗಿ ಮಾತು ತಿರುಗಿಸುವುದು ನಿರಾಕರಣೆಯ ಕಡೆಗೆ ಬೊಟ್ಟು ಮಾಡುತ್ತದೆ, ‘ಹೌದಾ?’ ಎಂಬ ಬೆರಗು ಅನೊಸೊಗ್ನೋಸಿಯಾದ ಕಡೆಗೆ. ಎರಡೂ ಕೂಡಿಕೊಂಡಿರುವುದೂ ಉಂಟು.

ಇದೆಲ್ಲ ಗೊತ್ತಿಲ್ಲದೆ ಸ್ವಮೌಲ್ಯಮಾಪನದ ಫಾರಂ ತುಂಬಿಸಿದರೆ ಕಾಗದ ದಂಡ. ‘ಮರೆವು ಇದೆಯೇ?’ ಎಂದರೆ ಮರೆತದ್ದನ್ನೇ ಮರೆತವರು ‘ಇಲ್ಲ’ ಎಂದೇ ಬರೆಯುತ್ತಾರೆ, ಅದೂ ಪ್ರಾಮಾಣಿಕವಾಗಿ. ಅದಕ್ಕೇ ಪೇಷಂಟ್ ಕಾಂಪಿಟೆನ್ಸಿ ರೇಟಿಂಗ್ ಸ್ಕೇಲ್ ಎಂಬ, ರೋಗಿಗೆ ಏನೇನು ಮಾಡಲಾಗುತ್ತದೆಂದು ಕೇಳುವ ಪ್ರಶ್ನಾವಳಿಯಲ್ಲಿ ಅಡುಗೆ, ಹಣಕಾಸು, ಸಿಟ್ಟು ತಡೆಯುವುದು ಮುಂತಾದ 30 ಪ್ರಶ್ನೆಗಳಿಗೆ ರೋಗಿಯೂ ಮನೆಯವರೂ ಬೇರೆ ಬೇರೆಯಾಗಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಆಗದು, 5 ಎಂದರೆ ಸಲೀಸು. ನೋಡಬೇಕಾದದ್ದು ಎರಡರ ಅಂತರ. ಒಂದೇ ಸೋಫಾದಲ್ಲಿ ಕೂತು, ‘ಇದಕ್ಕೆ ಎಷ್ಟು ಹಾಕಲೇ?’ ಎಂದು ಹೆಂಡತಿಯನ್ನು ಕೇಳಿ ತುಂಬಿದರೆ ಅಂತರವೇ ಮಾಯ. ನಡಿಗೆಯ ಅಂಕ ಸಾಮಾನ್ಯವಾಗಿ ತಾಳೆಯಾಗುತ್ತದೆ. ಸಿಟ್ಟಿನದು, ನೆನಪಿನದು ತಾಳೆಯಾಗುವುದು ಕಷ್ಟ.

ಅರಿವೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವಂಥದ್ದಲ್ಲ. 1989ರಲ್ಲಿ ಸಂಶೋಧಕ ಕ್ರಾಸನ್ ಮತ್ತು ಸಂಗಡಿಗರು ಅರಿವಿನ ಮೂರು ಮಟ್ಟ ಹೇಳಿದರು. ಮುಂಬಯಿ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಮಾಟುಂಗಾಕ್ಕೆ ಹೊರಟ ರೋಗಿಯನ್ನೇ ನೋಡಿ. ‘ನನಗೆ ಗಮನ ತಪ್ಪುತ್ತದೆ’ ಎಂದು ಬಾಯಲ್ಲಿ ಹೇಳುವುದು ಮೊದಲ ಮಟ್ಟ. ಫಾಸ್ಟ್ ಲೋಕಲ್ ಹತ್ತಿದ ಮೇಲೆ, ಕುರ್ಲಾ ಬರುವಷ್ಟರಲ್ಲಿ ‘ಅಯ್ಯೋ, ಇದು ಮಾಟುಂಗಾದಲ್ಲಿ ನಿಲ್ಲೊಲ್ಲ’ ಎಂದು ಹೊಳೆಯುವುದು ಎರಡನೆಯದು. ಹೊರಡುವ ಮೊದಲೇ ‘ಸ್ಲೋ ಹಿಡಿ’ ಎಂದು ಚೀಟಿ ಬರೆದು ಜೇಬಿಗಿಡುವುದು ಮೂರನೆಯದು. ಮೊದಲನೆಯದನ್ನು ನೋಡಿಯೇ ಮನೆಯವರು ‘ಈಗೆಲ್ಲ ಗೊತ್ತಾಗ್ತದೆ ಅವರಿಗೆ’ ಎಂದು ಒಬ್ಬರನ್ನೇ ಕಳಿಸಿಬಿಡುತ್ತಾರೆ.

ಈ ಅರಿವು ಎಷ್ಟಿದೆ ಎಂದು ಮನೆಯಲ್ಲಿ ನೋಡುವುದಾದರೆ ಉಪ್ಪಿಟ್ಟು ಸಾಕು. ಒಲೆ ಹಚ್ಚುವ ಮೊದಲೇ ಅವರ ಕೈಯಲ್ಲೇ ಬರೆಸಿ: ಎಷ್ಟು ನಿಮಿಷ ಬೇಕು, ಏನು ತಪ್ಪಬಹುದು. ನಡುವೆ ಬಾಯಿ ಹಾಕಬೇಡಿ, ಸುಡುವ ಅಪಾಯವಿದ್ದರೆ ಮಾತ್ರ ತಡೆಯಿರಿ. ಮುಗಿದ ಮೇಲೆ ಅದೇ ಚೀಟಿ ಅವರ ಮುಂದಿಟ್ಟು, ಉಪ್ಪು ಬಿತ್ತೇ, ಗ್ಯಾಸ್ ಆಫ್ ಆಯಿತೇ ಎಂದು ಅವರೇ ಗುರುತು ಹಾಕಲಿ. ‘ನಾ ಹೇಳಿರಲಿಲ್ವಾ’ ಎಂದಿರೋ, ಮುಂದಿನ ಸಲ ಚೀಟಿ ಖಾಲಿ.