ಟ್ರಯಲ್‌ಗೆ ಸೇರಿದರೆ ಔಷಧಿ ಇಲ್ಲದ ಗುಳಿಗೆ ಕೊಡ್ತಾರಾ?

ಪ್ರಶ್ನೆ: ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಕೀಮೋ ಮುಗಿದಿದೆ. ಹೊಸ ಗುಳಿಗೆಯ ಟ್ರಯಲ್ ಇದೆ, ಸೇರ್ತೀರಾ ಅಂತ ಡಾಕ್ಟರು ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಗುಳಿಗೆ ಕೊಡ್ತಾರೆ ಅಂತ ನೆಂಟರು ಹೆದರಿಸ್ತಿದ್ದಾರೆ. ನಿಜವಾ? (ಬದಿಯಡ್ಕದ ಓದುಗರು)

ಕೊಡುವುದುಂಟು. ಆದರೆ ನೆಂಟರು ಹೇಳುವ ಹಾಗಲ್ಲ.

ಇರುವ ಒಳ್ಳೆಯ ಚಿಕಿತ್ಸೆಯನ್ನು ನಿಲ್ಲಿಸಿ, ಅದರ ಜಾಗದಲ್ಲಿ ಖಾಲಿ ಗುಳಿಗೆ ಕೊಡುವುದು ಸರಿಯಲ್ಲ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಈಗಿನ ಚಿಕಿತ್ಸೆ ಸಿಗುತ್ತದೆ. ಇನ್ನೊಂದು ಗುಂಪಿಗೆ ಹೊಸ ಔಷಧಿ, ಇಲ್ಲವೇ ಈಗಿನದರ ಜೊತೆಗೆ ಹೊಸದು. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂದದ್ದು ಹಾಗೇ. ಹರ್‌-2 ಎಂಬ ಪ್ರೋಟೀನ್ ಜಾಸ್ತಿ ಇರುವ ಗಡ್ಡೆಗೆ ಮಾತ್ರ ಅದು ಕೆಲಸ ಮಾಡುತ್ತದೆ. ಅದರ ದೊಡ್ಡ ಟ್ರಯಲ್‌ನಲ್ಲಿ 469 ಹೆಂಗಸರಿದ್ದರು. ಕೀಮೋ ಎಲ್ಲರಿಗೂ ಸಿಕ್ಕಿತು, ಅರ್ಧದಷ್ಟು ಮಂದಿಗೆ ಜೊತೆಗೆ ಈ ಇಂಜೆಕ್ಷನ್ನೂ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಬಂತು. ಕೆಲವರ ಹೃದಯ ದುರ್ಬಲವಾಗುತ್ತದೆ ಎಂಬುದೂ ಆ ಟ್ರಯಲ್‌ನಲ್ಲೇ ಕಂಡಿತು. ಈಗ ಈ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ನಡುನಡುವೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವುದು ಅದಕ್ಕೇ.

ಖಾಲಿ ಗುಳಿಗೆ ಬರುವುದು ಹೆಚ್ಚಾಗಿ, "ಕೀಮೋ ಮುಗಿಯಿತು, ಮೂರು ತಿಂಗಳು ಬಿಟ್ಟು ಬನ್ನಿ" ಎಂದು ಕಾಯುವುದನ್ನು ಬಿಟ್ಟು ಬೇರೆ ದಾರಿ ಇಲ್ಲದಾಗ. ನಿಮ್ಮ ಅಮ್ಮನ ಸ್ಥಿತಿಗೆ ಹತ್ತಿರದ್ದೇ ಒಂದು ಉದಾಹರಣೆ ಇದೆ. ಸೋಲೋ-1 ಎಂಬ ಟ್ರಯಲ್. ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ ಜೀನ್ ಕೆಟ್ಟಿದ್ದು, ಕೀಮೋಗೆ ಕ್ಯಾನ್ಸರ್ ತಗ್ಗಿದ್ದ 391 ಹೆಂಗಸರು ಅದರಲ್ಲಿದ್ದರು. 260 ಮಂದಿಗೆ ಓಲಾಪಾರಿಬ್ ಗುಳಿಗೆ, 131 ಮಂದಿಗೆ ಔಷಧಿ ಇಲ್ಲದ ಗುಳಿಗೆ. ನೋಡಿ, ಅಲ್ಲಿ ಅರ್ಧಕ್ಕರ್ಧವೂ ಅಲ್ಲ. 2018ರಲ್ಲಿ ಫಲಿತಾಂಶ ಬಂತು. ಮೂರು ವರ್ಷದ ಹೊತ್ತಿಗೆ ಕ್ಯಾನ್ಸರ್ ಮುಂದುವರಿಯದೆ ಬದುಕಿದ್ದವರು ಔಷಧಿಯ ಗುಂಪಿನಲ್ಲಿ ನೂರಕ್ಕೆ 60, ಇನ್ನೊಂದರಲ್ಲಿ 27. ಔಷಧಿ ತೆಗೆದುಕೊಂಡವರಿಗೆ ರಕ್ತ ಕಡಿಮೆಯಾಗುವುದು, ವಾಕರಿಕೆ, ಸುಸ್ತು ಇತ್ತು.

ಆ ಗುಳಿಗೆ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಲು ನಮ್ಮ ಕಡೆಯ ಅಡಿಕೆ ತೋಟವೇ ಸಾಕು. ತೋಟಕ್ಕೆ ಬಾವಿಯ ನೀರೂ ಇದೆ, ಗುಡ್ಡ ಕೊರೆದು ಮಾಡಿದ ಸುರಂಗದ ನೀರೂ ಇದೆ ಅಂದುಕೊಳ್ಳಿ. ಕೋಶಕ್ಕೂ ತನ್ನ ಡಿಎನ್‌ಎ ರಿಪೇರಿಗೆ ಹೀಗೇ ಬೇರೆ ಬೇರೆ ದಾರಿಗಳಿವೆ. ಈ ಕ್ಯಾನ್ಸರ್ ಕೋಶದ ಬಾವಿ, ಅಂದರೆ ಬಿಆರ್‌ಸಿಎ, ಮೊದಲೇ ಬತ್ತಿದೆ. ಓಲಾಪಾರಿಬ್ ಸುರಂಗದ ಬಾಯಿ ಮುಚ್ಚುತ್ತದೆ. ಕ್ಯಾನ್ಸರ್ ಕೋಶ ಸಾಯುತ್ತದೆ. ಒಳ್ಳೆಯ ಕೋಶದಲ್ಲಿ ಬಾವಿಯ ನೀರು ಇನ್ನೂ ಇದೆ, ಅದು ಬದುಕುತ್ತದೆ.

ಈಗ ಈ ಔಷಧಿ ಬಳಕೆಗೆ ಬಂದಾಗಿದೆ. ಹಾಗಾಗಿ ಅಮ್ಮನ ಬಿಆರ್‌ಸಿಎ ಪರೀಕ್ಷೆ ಆಗಿದೆಯಾ ಎಂದು ಮೊದಲು ಕೇಳಿ. ಜೀನ್ ಕೆಟ್ಟಿದ್ದರೆ ಇನ್ನೊಂದು ಗುಂಪಿಗೆ ಬರೀ ಖಾಲಿ ಗುಳಿಗೆ ಅನ್ನುವುದನ್ನು ನಾನಂತೂ ಒಪ್ಪಲಾರೆ.

ನಿಮ್ಮ ಪ್ರಶ್ನೆಗೆ ಖಚಿತ ಉತ್ತರ ಒಪ್ಪಿಗೆ ಪತ್ರದಲ್ಲೇ ಇರಬೇಕು. ಟ್ರಯಲ್‌ಗಳ ಬಗ್ಗೆ ಭಾರತ ಸರಕಾರದ 2019ರ ನಿಯಮ ಹಾಗೆ ಹೇಳುತ್ತದೆ. ಯಾವ ಗುಂಪಿಗೆ ಬೀಳುವ ಸಾಧ್ಯತೆ ಎಷ್ಟು, ಬೇರೆ ಯಾವ ಚಿಕಿತ್ಸೆ ಇದೆ, ಖಾಲಿ ಗುಳಿಗೆ ಇದ್ದರೆ ಅದರಿಂದ ಗುಣವಿಲ್ಲ ಎಂಬುದು, ಎಲ್ಲವನ್ನೂ ಬರೆದಿರಬೇಕು. ಅದೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ.

ನಮ್ಮ ಕಾಸರಗೋಡಿನವರಿಗೆ ತೊಡಕು ಇಲ್ಲೇ. ನನ್ನ ದೊಡ್ಡಮ್ಮನಿಗೆ ಒಂದು ಆಸ್ಪತ್ರೆಯಲ್ಲಿ ಕೊಟ್ಟ ಹದಿನಾರು ಪುಟವೂ ಮಲಯಾಳಂ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದರು. ದೊಡ್ಡಮ್ಮ ಕನ್ನಡಕ ಹಾಕಿ, ಪುಟ ತಿರುಗಿಸಿ, "ನನಗೆ ಓದು ಬರ್ತದೆ ಮಗಾ, ಈ ಅಕ್ಷರ ಬರುವುದಿಲ್ಲ" ಎಂದರು. ದಿನಾ ಪೇಪರು ಓದುವ ಹೆಂಗಸು! ನನಗೆ ಈಗಲೂ ಬೇಜಾರಾಗುತ್ತದೆ. ಕನ್ನಡದ ಪ್ರತಿ ಕೇಳಿದೆವು. ಹತ್ತು ದಿನದ ಮೇಲೆ ಬಂತು. ಖಾಲಿ ಗುಳಿಗೆಯ ಸಾಲಿನ ಕೆಳಗೆ ಅವರೇ ಗೆರೆ ಎಳೆದು, ಡಾಕ್ಟರ ಮುಂದೆ ಇಟ್ಟು ಕೇಳಿದರು.

ಓದಲು ಬಾರದವರಾದರೆ, ಪತ್ರ ಓದಿ ಹೇಳುವಾಗ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಜೊತೆಗಿರಬೇಕು. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟರೆ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಸಿಗಬೇಕು, ಪರಿಹಾರವೂ ಇದೆ. ಸಿಟಿಆರ್‌ಐ ಎಂಬ ಸರಕಾರಿ ಪಟ್ಟಿಯಲ್ಲಿ ಟ್ರಯಲ್‌ನ ನಂಬರ್ ಇದೆಯಾ, ಅದನ್ನೂ ನೋಡಿ. ಬದಿಯಡ್ಕದಿಂದ ತಲಶ್ಶೇರಿಗೋ ಮಂಗಳೂರಿಗೋ ಎಷ್ಟು ಸಲ ಓಡಾಡಬೇಕು, ಬಸ್ಸಿನ ಖರ್ಚು ಯಾರದು ಎಂದು ಕೇಳಲು ನಾಚಿಕೆ ಬೇಡ.

ಪತ್ರ ಈಗ ನಿಮ್ಮ ಕೈಯಲ್ಲಿದ್ದರೆ ತೆಗೆದು ನೋಡಿ. ಅಮ್ಮನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ, ಇವತ್ತು ಸಹಿ ಬೇಡ. ಕನ್ನಡದ್ದು ಬರಲಿ.