ಹಳೆಯ ಮೋಡೆಮ್ ಹೊಸ ಫೈಬರ್ ಲೈನಿಗೆ ಆಗುತ್ತದೆಯೇ?

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮ ಮನೆ. ಮೊದಲು ಟೆಲಿಫೋನ್ ಲೈನಿನಲ್ಲೇ ಇಂಟರ್ನೆಟ್ ಇತ್ತು, ಈಗ ಫೈಬರ್ ಎಳೆದಿದ್ದಾರೆ. ಹಳೆಯ ಮೋಡೆಮ್ ಚೆನ್ನಾಗೇ ಇದೆ. ಅದನ್ನೇ ಬಳಸಬಹುದೇ, ಇಲ್ಲ ಗುಜರಿಗೆ ಹಾಕಬೇಕೇ?

ಉತ್ತರ: ಫೈಬರಿಗೆ ನೇರವಾಗಿ ಸಿಕ್ಕಿಸಲು ಬರುವುದಿಲ್ಲ. ಆದರೂ ದಯವಿಟ್ಟು ಗುಜರಿಗೆ ಹಾಕಬೇಡಿ.

ಮನೆಯೊಳಗೆ ಬರುವ ತಂತಿ ಯಾವುದು ಎಂದು ಮೊದಲು ನೋಡಿ. ಅದಕ್ಕೆ ತಕ್ಕ ಪೆಟ್ಟಿಗೆಯೇ ಬೇಕು. ನಿಮ್ಮ ಹಳೆಯದು ಎಡಿಎಸ್ಎಲ್ ಮೋಡೆಮ್. ಟೆಲಿಫೋನಿನ ತಾಮ್ರದ ತಂತಿಯ ವಿದ್ಯುತ್ ಸಂಕೇತ ಮಾತ್ರ ಅದಕ್ಕೆ ಅರ್ಥವಾಗುತ್ತದೆ. ಫೈಬರಿನಲ್ಲಿ ಬರುವುದು ಬೆಳಕು. ಅದನ್ನು ಓದುವ ಪೆಟ್ಟಿಗೆಗೆ ಓಎನ್‌ಟಿ ಎನ್ನುತ್ತಾರೆ. ಹೆಚ್ಚಾಗಿ ಹಸಿರು ಇಲ್ಲವೇ ನೀಲಿ ತುದಿಯ ತೆಳು ಕೇಬಲ್ ಅದರ ಬೆನ್ನಿಗೆ ಕೂರುತ್ತದೆ. ಆ ಕೇಬಲನ್ನು ಬಾಗಿಲ ಸಂದಿಯಲ್ಲಿ ಮಡಚಬೇಡಿ, ಒಳಗಿರುವುದು ಗಾಜಿನ ಎಳೆ. ಓಎನ್‌ಟಿಯಲ್ಲಿ ಎಲ್ಓಎಸ್ ಎಂಬ ಕೆಂಪು ದೀಪ ಹೊತ್ತಿದರೆ ಬೆಳಕು ತಲುಪುತ್ತಿಲ್ಲ ಎಂದರ್ಥ. ಆಗ ರೌಟರನ್ನು ಎಷ್ಟು ಸಲ ಆಫ್-ಆನ್ ಮಾಡಿದರೂ ಉಪಯೋಗವಿಲ್ಲ, ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಗಾಳಿಮಳೆಗೆ ಕೊಂಬೆ ಬಿದ್ದು ಕೇಬಲ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಹಳೆಯ ಮೋಡೆಮಿನ ವಿಷಯ. ಅದರಲ್ಲಿ ವೈಫೈ ಇದ್ದರೆ ಮನೆಯ ಇನ್ನೊಂದು ತುದಿಗೆ ಅದೇ ಸಾಕು. ಜಂಬಿಟ್ಟಿಗೆಯ ದಪ್ಪ ಗೋಡೆ ದಾಟಿ ಜಗಲಿಯ ಸಿಗ್ನಲ್ ಹಿತ್ತಲ ಕೋಣೆಗೆ ಬರುವುದು ಕಷ್ಟವೆಂದು ನಿಮಗೇ ಗೊತ್ತು. ಒಂದು ಲ್ಯಾನ್ ಕೇಬಲಿನಿಂದ ಹಳೆಯ ಮೋಡೆಮನ್ನು ಕಂಪ್ಯೂಟರಿಗೆ ಜೋಡಿಸಿ, ಅದರ ಸೆಟ್ಟಿಂಗ್ಸ್ ತೆರೆಯಿರಿ. ಓಎನ್‌ಟಿಯ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ (ಮೊಬೈಲುಗಳಿಗೆ ತಾನಾಗಿ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡುವುದನ್ನು ಮರೆಯಬೇಡಿ. ಮರೆತರೆ ಎರಡೂ ಪೆಟ್ಟಿಗೆಗಳು ವಿಳಾಸ ಹಂಚಲು ಹೊರಟು ಮೊಬೈಲುಗಳಿಗೆ ನೆಟ್ ಸಿಗದೆ ಹೋಗುತ್ತದೆ. ಆಮೇಲೆ ಓಎನ್‌ಟಿಯ ಲ್ಯಾನ್ ಪೋರ್ಟಿನಿಂದ ಮೋಡೆಮಿನ ಲ್ಯಾನ್ ಪೋರ್ಟಿಗೆ ಕೇಬಲ್ ಎಳೆಯಿರಿ, 100 ಮೀಟರ್ ತನಕ ಎಳೆಯಬಹುದು. ಟೆಲಿಫೋನ್ ತಂತಿ ಸಿಕ್ಕಿಸುತ್ತಿದ್ದ ಚಿಕ್ಕ ತೂತು ಖಾಲಿಯೇ ಇರಲಿ. ಹಳೆಯ ಮೋಡೆಮಿನ ಪೋರ್ಟ್ ಸಾಮಾನ್ಯವಾಗಿ 100 ಎಂಬಿಪಿಎಸ್ ಮೀರುವುದಿಲ್ಲ. ಮಕ್ಕಳ ಆನ್‌ಲೈನ್ ಪಾಠಕ್ಕೆ, ವಿಡಿಯೊ ಕಾಲ್‌ಗೆ ಅಷ್ಟು ಧಾರಾಳ.

ಫೈಬರ್ ಬಾರದ ಒಂಟಿಮನೆಗಳಲ್ಲಿ ಕೆಲವರು ಸೂರಿನ ಮೇಲೆ ರೇಡಿಯೊ ಡಿಶ್ ಹಾಕಿಸಿಕೊಂಡಿದ್ದಾರೆ. ಅವರ ಮನೆಯ ಅಡಾಪ್ಟರಿನಲ್ಲಿ ಪಿಓಇ (ನೆಟ್ ಕೇಬಲಿನಲ್ಲೇ ಕರೆಂಟನ್ನೂ ಕಳಿಸುವಂಥದ್ದು), ಲ್ಯಾನ್ ಎಂದು ಎರಡು ಪೋರ್ಟ್ ಇರುತ್ತವೆ. ಪಿಓಇ ಡಿಶ್‌ಗೆ ಹೋಗಬೇಕು, ಲ್ಯಾನ್ ರೌಟರಿಗೆ. ಅದಲುಬದಲಾದರೆ ರೌಟರ್ ಸುಡಬಹುದು. ಸಿಮ್ ಹಾಕುವ 4ಜಿ ರೌಟರಿಗೆ ಹೊರಗಿನ ತಂತಿಯ ಗೊಡವೆಯಿಲ್ಲ, ಟವರಿನ ಕಡೆಯ ಕಿಟಕಿಯಲ್ಲಿಟ್ಟರಾಯಿತು.

ಸಿಡಿಲಿನ ಬಗ್ಗೆ ಮಾತ್ರ ಎಚ್ಚರ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು ನಿಜ. ಆದರೆ ಫೈಬರ್ ಕೇಬಲಿನ ಜೊತೆಗಿರುವ ಉಕ್ಕಿನ ತಂತಿಯಲ್ಲಿ, ಅಡಾಪ್ಟರಿನ ದಾರಿಯಲ್ಲಿ, ಮನೆಯಿಂದ ಕೊಟ್ಟಿಗೆಗೆ ಎಳೆದ ಲ್ಯಾನ್ ಕೇಬಲಿನಲ್ಲಿ ಹರಿಯುತ್ತದೆ. ಮೋಡ ಕಟ್ಟಿದೊಡನೆ, ಗುಡುಗು ಹತ್ತಿರ ಬರುವ ಮೊದಲೇ, ಅಡಾಪ್ಟರ್ ಮತ್ತು ಲ್ಯಾನ್ ಎರಡನ್ನೂ ಕಿತ್ತಿಡಿ.